ಖಾರದ ಗಿರಣಿಯ ಪ್ರಯೋಗಾಲಯ

ಯಲಬುರ್ಗಾದ ಹೇಮಾ ಒಂದು ಸಲ ಸೀನಿದರೆ ಲಿಸ್ಬನ್ ಪಟ್ಟಣದ ಕರೆಂಟು ಹೋಗುತ್ತದೆ, ಎರಡನೆಯ ಸಲ ಸೀನಿದರೆ ತಿರುಗಿ ಬರುತ್ತದೆ, ಮೂರನೆಯದನ್ನು ಅವಳು ಮೂಗು ಹಿಡಿದು ತಡೆದುಕೊಂಡಿರುವುದರಿಂದಲೇ ಭೂಮಂಡಲದ ಮಿಕ್ಕ ಕಂಪ್ಯೂಟರುಗಳೆಲ್ಲ ಇನ್ನೂ ಬದುಕಿವೆ. ಸಮುದ್ರದಾಚೆಯ ಎಂಜಿನಿಯರುಗಳು ಮುಂಜಾನೆ ಎದ್ದು ಹಲ್ಲುಜ್ಜುವ ಮೊದಲು ಯಲಬುರ್ಗಾ ಯಾವ ದಿಕ್ಕಿಗಿದೆಯೆಂದು ಕೇಳಿ ತಿಳಿದು ಆ ಕಡೆ ಕೈಮುಗಿಯುತ್ತಾರೆ. ನಂಬದವರು ಬಸ್ ನಿಲ್ದಾಣದ ಹಿಂದಿನ ಓಣಿಯ ಹೇಮಾ ಡಿಟಿಪಿ ಸೆಂಟರಿಗೆ ಬಂದು ಯಾರನ್ನಾದರೂ ಕೇಳಬಹುದು. ಯಾರನ್ನಾದರೂ ಎಂದರೆ ಹೇಮಾಳನ್ನೇ, ಏಕೆಂದರೆ ಅಂಗಡಿಯಲ್ಲಿ ಇರುವವಳು ಅವಳೊಬ್ಬಳೇ, ಈ ಸುದ್ದಿಯನ್ನು ಊರಲ್ಲಿ ಹಬ್ಬಿಸಿದವಳೂ ಅವಳೇ. ಆದರೆ ಇವತ್ತು ಊಟವಾದ ಮೇಲೆ ಸ್ಟೂಲಿನ ಮೇಲೆ ನಿಂತು ಗೋಡೆಗೆ ಫ್ಲೆಕ್ಸ್ ಕಟ್ಟುತ್ತಿದ್ದ ಹೇಮಾಳ ಕೈಗೆ ಸುತಳಿಯ ಒಂದು ಗಂಟೂ ಬೀಳುತ್ತಿರಲಿಲ್ಲ.

ಫ್ಲೆಕ್ಸಿನ ಮೇಲೆ ‘ವಿದ್ಯುತ್ ದೋಷ ಪ್ರಯೋಗಾಲಯ, ಯಲಬುರ್ಗಾ’ ಎಂದು ದಪ್ಪಕ್ಷರದಲ್ಲಿತ್ತು, ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ಹುಡುಗ ಹತ್ತನೆಯ ಇಯತ್ತೆ ಪಾಸಾದರೆ ಫ್ಲೆಕ್ಸ್, ಟ್ರ್ಯಾಕ್ಟರು ತಂದರೆ ಫ್ಲೆಕ್ಸ್. ಹದಿನಾಲ್ಕು ವರ್ಷದಿಂದ ಊರಿನವರ ಹೆಮ್ಮೆಯನ್ನೆಲ್ಲ ಅಳತೆಗೆ ತಕ್ಕಂತೆ ಹಿಗ್ಗಿಸಿ ಕೊಟ್ಟವಳಿಗೆ ಸುಳ್ಳೊಂದು ಕುತ್ತಿಗೆಗೆ ಬಂದಾಗಲೂ ಕೈ ತಾನಾಗಿ ಹೋದದ್ದು ಅಲ್ಲಿಗೇ. ಹುಟ್ಟುಹಬ್ಬದ ಹಳೆಯ ಮಾದರಿಯೊಂದನ್ನು ತೆಗೆದು ಹೆಸರು ಬದಲಿಸಿ ಅಚ್ಚಿಗೆ ಕೊಟ್ಟಿದ್ದಳು. ಕಟ್ಟಿ, ಕೆಳಗಿಳಿದು, ದೂರ ನಿಂತು ನೋಡಿದಾಗ ಅಂಚಿನಲ್ಲಿ ಸಾಲಾಗಿ ಖಾಲಿ ವೃತ್ತಗಳು ಕಂಡವು. ಶುಭ ಕೋರುವವರ ಫೋಟೋಗಳಿಗೆ ಬಿಟ್ಟ ಜಾಗ. ತೆಗೆಯುವುದನ್ನು ಮರೆತಿದ್ದಳು. ಜಗತ್ತಿನ ಯಾವ ಪ್ರಯೋಗಾಲಯಕ್ಕೂ ಓಣಿಯ ಹಿರಿಯರು ಶುಭ ಕೋರಿರುವುದಿಲ್ಲ ಎಂದು ಹೊಳೆದು ಅವಳ ಕಿವಿಗಳು ಬಿಸಿಯಾದವು. ಲಿಸ್ಬನ್ನಿನ ಮಾರ್ತಾಗೆ ಅದು ಅಲಂಕಾರವೆಂದು ಕಂಡೀತು ಎಂದು ಸಮಾಧಾನ ಮಾಡಿಕೊಂಡಳು. ಮಾರ್ತಾಗೆ ಇಷ್ಟು ದಿನ ಕಂಡದ್ದೆಲ್ಲವೂ ಹೇಮಾ ಕಾಣಿಸಿದ್ದೇ ತಾನೆ.

ಮಾರ್ತಾ ಅವಳ ಮಾರ್ಗದರ್ಶಿ. ಹೇಮಾಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಮೂಗಿನಲ್ಲಿ ಮೂಗುತಿ ಇದ್ದುದಕ್ಕೆ ಹೇಮಾಳಿಗೆ ಮೊದಲ ದಿನವೇ ಅರ್ಧ ಸಂಬಂಧಿಕಳಂತೆ ಕಂಡಿದ್ದಳು. ಹೇಮಾ ಮದುವೆ ಪತ್ರಿಕೆ ಮಾಡುವ ತಂತ್ರಾಂಶ ಯಾರ ಆಸ್ತಿಯೂ ಅಲ್ಲ. ಜಗತ್ತಿನ ಎಲ್ಲೆಲ್ಲಿಯವರೋ ಸೇರಿ ಬರೆದದ್ದು, ಯಾರು ಬೇಕಾದರೂ ಒಳಗಿಣುಕಿ ನೋಡಬಹುದು, ಕೆಟ್ಟದ್ದನ್ನು ರಿಪೇರಿ ಮಾಡಬಹುದು. ಹಾಗೆ ರಿಪೇರಿ ಕಲಿಯಬೇಕೆನ್ನುವ ಹೊಸಬರನ್ನು ವರ್ಷಕ್ಕೊಮ್ಮೆ ಆರಿಸಿ, ಒಬ್ಬೊಬ್ಬರಿಗೆ ಒಬ್ಬೊಬ್ಬ ಮಾರ್ಗದರ್ಶಿಯನ್ನು ಕೊಟ್ಟು, ಒಂದು ಹಂಗಾಮು ಕೆಲಸ ಮಾಡಿಸುತ್ತಾರೆ. ಅವರನ್ನು ಇಂಟರ್ನ್ ಎನ್ನುತ್ತಾರೆ. ಕೊಪ್ಪಳದಲ್ಲಿ ಬಿಸಿಎ ಮುಗಿಸಿ, ಮದುವೆಯಾಗಿ, ಆಮೇಲೆ ಆಮಂತ್ರಣಗಳ ಅಂಚಿಗೆ ಬಳ್ಳಿ ಬಿಡಿಸುತ್ತ ಕೂತಿದ್ದ ಹೇಮಾ ಮೂವತ್ತಾರನೆಯ ವಯಸ್ಸಿನಲ್ಲಿ ಇಂಟರ್ನ್ ಆದಳು. ಊರಲ್ಲಿ ಆ ಶಬ್ದ ಬಳಸಲಿಲ್ಲ. ‘ಪೋರ್ಚುಗಲ್ ದೇಶದವರು ಕೇಳ್ಕೊಂಡ್ರು, ಅದಕ್ಕ ಒಪ್ಪೀನಿ’ ಎಂದಿದ್ದಳು. ಇವತ್ತು ಸಂಜೆ ಕೊನೆಯ ಸಭೆ: ದೇಶದೇಶದ ಇಂಟರ್ನುಗಳು ಒಂದೇ ಪರದೆಯಲ್ಲಿ ಕೂಡಿ ತಾವೇನು ಮಾಡಿದೆವೆಂದು ಹೇಳಬೇಕು. ಸಭೆ ಮುಗಿದ ಮೇಲೆ ಯಾರ ಕೆಲಸ ಹೊಸ ಆವೃತ್ತಿಯೊಳಗೆ ಹೋಗುತ್ತದೆ, ಯಾರದು ಹೊರಗುಳಿಯುತ್ತದೆ ಎಂಬುದು ತೀರ್ಮಾನ. ಕಾರ್ಯಕ್ರಮ ಪಟ್ಟಿಯಲ್ಲಿ ಎಲ್ಲರ ಹೆಸರಿನ ಮುಂದೆ ‘ಮಾತು’ ಎಂದಿದ್ದರೆ ಹೇಮಾಳ ಹೆಸರಿನ ಮುಂದೆ ‘ಯಲಬುರ್ಗಾ ಪ್ರಯೋಗಾಲಯದ ದರ್ಶನ’ ಎಂದಿತ್ತು.

ಆ ಪ್ರಯೋಗಾಲಯ ಹುಟ್ಟಿದ್ದು ಹೇಮಾ ಬರೆದ ಒಂದೇ ಒಂದು ಸಾಲಿನಿಂದ. ಕಂಪ್ಯೂಟರ್ ಫೈಲನ್ನು ಉಳಿಸಿಡುವ ಕ್ಷಣಕ್ಕೇ ಕರೆಂಟು ಹೋದರೆ ಫೈಲು ಖಾಲಿಯಾಗಿಬಿಡುತ್ತಿತ್ತು. ದೂರು ಹಳೆಯದು, ಆದರೆ ದೊಡ್ಡ ದೊಡ್ಡವರೆಲ್ಲ ತಮ್ಮಲ್ಲಿ ಹಾಗಾಗುವುದಿಲ್ಲವೆಂದು ಬರೆದು ಅದನ್ನು ಮೂಲೆಗೆ ಸರಿಸಿದ್ದರು; ಕರೆಂಟು ಹೋಗದ ಊರಿನವರಿಗೆ ಆ ರೋಗ ಬರುವುದಾದರೂ ಹೇಗೆ? ಹೇಮಾಳ ಅಂಗಡಿಯ ಗೋಡೆಗೆ ಹತ್ತಿ ಜೈನಾಬಿಯ ಖಾರದ ಗಿರಣಿ. ಅದರ ಹಳೆಯ ಮೋಟಾರು ಶುರುವಾಗುವಾಗ ಓಣಿಯ ಕರೆಂಟನ್ನೆಲ್ಲ ಒಂದೇ ಗುಟುಕಿಗೆ ಕುಡಿಯುತ್ತದೆ, ಹೇಮಾಳ ಕಂಪ್ಯೂಟರು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾಯುತ್ತದೆ. ಬ್ಯಾಟರಿಯ ಡಬ್ಬಿ ಸತ್ತು ಯಾವ ಕಾಲವಾಯಿತೋ, ಅದರ ಮೇಲೀಗ ಹೂವಿನ ಕುಂಡವಿದೆ. ಆ ದೋಷವನ್ನು ಮಾರ್ತಾಗೆ ಮಾಡಿ ತೋರಿಸಲೆಂದು ಅವಳು ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ಗೋಡೆಯ ಕಿಟಕಿಯಿಂದ ‘ಬಿಡು ಅಕ್ಕಾ’ ಎನ್ನುವಳು, ಜೈನಾಬಿ ಮೋಟಾರು ಬಿಡುವಳು; ಅರ್ಧ ಸಲ ಹೊತ್ತು ತಪ್ಪುತ್ತಿತ್ತು, ಅರ್ಧ ಸಲ ಫೈಲು ಖಾಲಿಯಾಗಿ ಹೇಮಾ ಗೆದ್ದೆನೆಂದು ಕುಣಿಯುತ್ತಿದ್ದಳು. ಬೇಸಿಗೆ, ಮನೆಮನೆಯ ವರ್ಷದ ಖಾರ ಕುಟ್ಟುವ ಹಂಗಾಮು. ಇಬ್ಬರ ಕೆಲಸವೂ ಒಟ್ಟಿಗೆ ಸಾಗಿತು. ಬೇರೆ ಯಾರಿಗೂ ಆಗದ್ದನ್ನು ಹೇಗೆ ಮಾಡಿ ತೋರಿಸುತ್ತೀರಿ ಎಂದು ಮಾರ್ತಾ ಕೇಳಿದಳು. ಗಿರಣಿ ಎಂದು ಬರೆಯಲು ಹೇಮಾಳ ಬೆರಳು ಏಳಲಿಲ್ಲ. ಆ ಬೆರಳುಗಳ ಉಗುರಿನೊಳಗೆ ಆಗಲೇ ಖಾರದ ಕೆಂಪಿತ್ತು. ‘ನಮ್ಮಲ್ಲಿ ವಿದ್ಯುತ್ ದೋಷ ಪ್ರಯೋಗಾಲಯವಿದೆ, ಹಿರಿಯ ಆಪರೇಟರ್ ಒಬ್ಬರಿದ್ದಾರೆ’ ಎಂದು ಬರೆದಳು. ಬರೆದು ಕಳಿಸಿದ ಕ್ಷಣ ಎಂಥ ಸುಖವಾಗಿತ್ತೆಂದರೆ, ಎದ್ದು ಹೋಗಿ ಒಂದು ಚಹಾ ಕುಡಿದು ಬಂದಿದ್ದಳು.

ಸುಳ್ಳು ಅವಳಿಗೆ ಹೊಸದಲ್ಲ, ಬಳುವಳಿಯಾಗಿ ಬಂದದ್ದು. ಕನಕಗಿರಿಯ ಸಂತೆಯಲ್ಲಿ ಬದನೆಕಾಯಿ ರಾಶಿಯ ಹಿಂದೆ ಕೂತ ಅಪ್ಪ ವಿರುಪಣ್ಣ, ‘ಈ ಗಿಡದ ಕಾಯಿ ನೆಳ್ಳಾಗ ಕುರಿ ಮಲಗ್ತಾವ್ರಿ’ ಎನ್ನುತ್ತಿದ್ದ. ‘ಎಲ್ಲೆದಾವೋ ಆ ಕುರಿ?’ ಎಂದು ಯಾರಾದರೂ ಹಿಡಿದರೆ, ‘ಕಾಯಿ ತಿಂದು ಆನಿ ಆಗ್ಯಾವ, ಆನೆಗುಂದಿಗೆ ಹೋಗ್ಯಾವ’ ಎಂದು ತಾನೇ ಮೊದಲು ನಗುತ್ತಿದ್ದ. ಸಂತೆಯೂ ನಗುತ್ತಿತ್ತು, ಬದನೆಕಾಯಿಯೂ ಖರ್ಚಾಗುತ್ತಿತ್ತು. ಸಿಕ್ಕಿಬಿದ್ದಾಗ ಮೊದಲು ನಗುವವನು ತಾನಾಗಿರಬೇಕು, ಅಷ್ಟೇ ಅವನ ವಿದ್ಯೆ. ಹೇಮಾ ಸುಳ್ಳನ್ನು ಕಲಿತಳು, ನಗುವುದನ್ನು ಕಲಿಯಲಿಲ್ಲ. ಯಲಬುರ್ಗಾ ಬಳಿಯ ಮಂಗಳೂರಿನ ತಿಮ್ಮಣ್ಣ ಮಗಳ ಮದುವೆ ಪತ್ರಿಕೆ ಒಯ್ಯಲು ಬಂದ ದಿನ ಫೈಲು ಖಾಲಿಯಾಗಿ ಹೋಗಿತ್ತು. ‘ಹುಬ್ಬಳ್ಳ್ಯಾಗ ಸರ್ವರ್ ಕೆಟ್ಟೈತ್ರಿ, ನಾಳಿ ಬರ್ರಿ’ ಎಂದಿದ್ದಳು. ಅವನು ನಾಳೆ ಬರಲಿಲ್ಲ, ನಾಡಿದ್ದು ಬಂದ, ಮುಖ ಸುಣ್ಣವಾಗಿತ್ತು. ‘ಹುಬ್ಬಳ್ಳಿಗೆ ಹೋಗಿದ್ನೆವ್ವಾ. ಸರ್ವರ್ ಎಲ್ಲಿರ್ತೈತಿ ಅಂತ ಭಾಳ ಮಂದಿ ಕೇಳ್ದೆ. ಯಾರೂ ಸರಿ ಹೇಳಲಿಲ್ಲ. ರಿಪೇರಿ ಮಾಡಿದ್ರೇನು ಅವರು?’ ಬಸ್ಸಿನ ಧೂಳು ಅವನ ರುಮಾಲಿನ ಮೇಲೆ ಹಾಗೇ ಇತ್ತು. ಅವನಿಗೆ ಕುಡಿಯಲು ನೀರು ಕೊಟ್ಟಳು. ರಿಪೇರಿ ಆಯಿತು ಎಂದಳು. ಅವತ್ತು ಮಧ್ಯಾಹ್ನವೇ ಅವಳು ಜೀವನದಲ್ಲಿ ಮೊದಲ ಬಾರಿ ಆ ತಂತ್ರಾಂಶದ ಒಳಗೆ ಇಣುಕಿದ್ದು. ಈ ಸಂಗತಿಯನ್ನು ಅವಳು ಊರಲ್ಲಿ ಹಬ್ಬಿಸಿಲ್ಲ.

ಇವತ್ತು ಊಟಕ್ಕೆ ಮನೆಗೆ ಹೋದಾಗ ಗಂಡ ಗುರುಬಸವ, ಹೈಸ್ಕೂಲು ಮಾಸ್ತರ, ರೊಟ್ಟಿ ಮುರಿಯುತ್ತ ಕೇಳಿದ್ದ: ‘ಏನಂತಾಳ ನಿನ್ನ ಪೋರ್ಚುಗಲ್ ತಂಗಿ? ಇವತ್ತು ರಿಸಲ್ಟಂತಲ್ಲ.’

‘ರಿಸಲ್ಟಲ್ಲ. ಉದ್ಘಾಟನಾ ಇದ್ದಂಗ.’

‘ಯಾವುದರದು?’

ಅವಳು ಉತ್ತರ ಕೊಡುವುದರೊಳಗೆ ಅತ್ತೆ ಬಸವಣ್ಣೆಮ್ಮ ಕೆಲಸದವಳ ಮೇಲೆ ಹರಿಹಾಯ್ದರು: ‘ಹೊಸಾ ಮೊಸರು ಹೆಪ್ಪಾಗೂದರಾಗ ಹಳೇ ಗಡಗಿ ತೊಳದ್ಯಲ್ಲ. ಅದು ಒಡದು ಹೋದ್ರ ಹೆಪ್ಪಿಗೆ ಯಾರ ಮನಿಗೆ ಹೋಗ್ಲಿ?’ ಹೇಮಾಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅವಳು ಆ ಹಂಗಾಮಿಡೀ ಬಡಿದಾಡಿದ್ದು ಇಷ್ಟಕ್ಕೇ. ತಂತ್ರಾಂಶ ಮೊದಲು ಹಳೆಯ ಗಡಿಗೆ ತೊಳೆಯುತ್ತಿತ್ತು, ಆಮೇಲೆ ಹೊಸ ಹಾಲು ಹಾಕುತ್ತಿತ್ತು. ನಡುವೆ ಕರೆಂಟು ಹೋದರೆ ಎರಡೂ ಇಲ್ಲ. ಈಗ ಅದು ಬೇರೆ ಗಡಿಗೆಯಲ್ಲಿ ಹೊಸತನ್ನು ಪೂರ್ತಿ ಹೆಪ್ಪುಹಾಕಿ, ಗಟ್ಟಿಯಾಯಿತೆಂದು ನೋಡಿ, ಆಮೇಲೆ ಹಳೆಯದರ ಜಾಗಕ್ಕೆ ಸರಿಸುತ್ತದೆ. ಇದನ್ನು ಬರೆಯುವುದಕ್ಕೆ ಅವಳು ಎಷ್ಟು ಸಲ ಬರೆದು ಅಳಿಸಿದಳೋ. ಪ್ರತಿ ಸಲ ಮಾರ್ತಾ ‘ಇಲ್ಲಿ ಯಾಕೆ?’, ‘ಇದು ಸೋತರೆ?’ ಎಂದು ಎಲ್ಲರೂ ಓದುವ ಜಾಗದಲ್ಲೇ ಬರೆಯುತ್ತಿದ್ದಳು. ಮೊದಮೊದಲು ನಡುಬೀದಿಯಲ್ಲಿ ಸೆರಗು ಜಾರಿದಂತಾಗುತ್ತಿತ್ತು. ಆಮೇಲಾಮೇಲೆ ಯಾರಾದರೂ ಕೇಳದಿದ್ದರೇ ಬೇಸರವಾಗುತ್ತಿತ್ತು.

ಸಭೆಗೆ ಅವಳು ಫೋನನ್ನು ಪುಸ್ತಕಗಳ ಗುಡ್ಡೆಗೆ ಒರಗಿಸಿ ಕೂತಳು. ಫೋನಾದರೆ ಕರೆಂಟು ಹೋದರೂ ಬದುಕಿರುತ್ತದೆ. ಕಿಟಕಿಯನ್ನು ಫ್ಲೆಕ್ಸ್ ಪೂರಾ ಮುಚ್ಚಿತ್ತು. ಜೈನಾಬಿಗೆ ಮುಂಜಾನೆಯೇ ಹೇಳಿಟ್ಟಿದ್ದಳು: ‘ನಾ ಗ್ವಾಡಿ ಬಡದಾಗ ಮೋಟಾರ ಬಿಡು. ಅಂಗಡಿ ಕಡಿಗೆ ಬರಬ್ಯಾಡ.’ ಯಾಕೆ ಎಂದು ಜೈನಾಬಿ ಕೇಳಲಿಲ್ಲ, ನಗಲೂ ಇಲ್ಲ. ಅದೇ ಹೇಮಾಳನ್ನು ಚುಚ್ಚಿತ್ತು. ಪರದೆಯಲ್ಲಿ ಚಿಕ್ಕ ಚಿಕ್ಕ ಚೌಕಗಳು ತೆರೆದುಕೊಂಡವು. ನೈರೋಬಿಯ ಹುಡುಗನೊಬ್ಬ ಮೊದಲು ಮಾತಾಡಿದ. ‘ನಾನು ಒಂದು ಗುಂಡಿಯನ್ನು ಸರಿಯಾದ ಜಾಗಕ್ಕೆ ಸರಿಸಿದೆ’ ಎಂದ. ‘ಅದು ಎಲ್ಲಿ ಬರೆದದ್ದೆಂದು ಹುಡುಕುವುದಕ್ಕೇ ನನಗೆ ಅರ್ಧ ಹಂಗಾಮು ಹಿಡಿಯಿತು. ಈಗ ಮುದುಕರ ಕೈಗೂ ಸಿಗುತ್ತದೆ.’ ಎಲ್ಲರೂ ಚಪ್ಪಾಳೆ ತಟ್ಟಿದರು. ಕೊಲಂಬೊದ ಹೆಂಗಸೊಬ್ಬಳು ತಾನು ಒಂದು ಸಾಲೂ ಪ್ರೋಗ್ರಾಂ ಬರೆಯಲಿಲ್ಲ, ಮೊದಲ ದಿನ ಎಲ್ಲೂ ಸಿಗದೆ ತಾನು ಅತ್ತಿದ್ದ ಸೂಚನೆಗಳನ್ನು ಮುಂದಿನವರಿಗಾಗಿ ಬರೆದಿಟ್ಟಿದ್ದೇನೆ ಎಂದಳು. ಅದಕ್ಕೂ ಚಪ್ಪಾಳೆ, ಇನ್ನೂ ಜೋರು. ಇವರೆಲ್ಲ ಇಷ್ಟೇ ಇಷ್ಟು ಮಾಡಿ ಇಷ್ಟೇ ಇಷ್ಟು ಎಂದೇ ಹೇಳುತ್ತಿದ್ದಾರೆ, ಯಾರ ಮುಖದಲ್ಲೂ ನಾಚಿಕೆ ಇಲ್ಲ. ಅವಳ ಹಿಂದೆ ಮಾತ್ರ ಆಳೆತ್ತರದ ಫ್ಲೆಕ್ಸ್, ಅದರ ಅಂಚಿನಲ್ಲಿ ಮುಖವಿಲ್ಲದ ಶುಭ ಕೋರುವವರು.

ಮಾರ್ತಾ ಮಾತಾಡುವುದು ಇಂಗ್ಲಿಷ್. ಆದರೆ ಹೇಮಾಳ ಕಿವಿಯೊಳಗೆ ಬೀಳುವ ಹೊತ್ತಿಗೆ ಅದು ಯಾವಾಗಲೂ ಯಲಬುರ್ಗಾದ್ದೇ ಮಾತಾಗಿರುತ್ತಿತ್ತು. ‘ಹೇಮಾ ಅವರ, ನಿಮ್ಮ ಲ್ಯಾಬ್ ತೋರಸ್ರಿ. ಎಲ್ಲಾರೂ ಕಾಯಾಕತ್ತಾರ’ ಎಂದಳು ಮಾರ್ತಾ.

ಹೇಮಾ ಬಾಯಿ ತೆರೆಯುವುದಕ್ಕೂ, ಫ್ಲೆಕ್ಸಿನ ಅಂಚಿನಿಂದ ಖಾರದ ಘಾಟು ನುಸುಳುವುದಕ್ಕೂ ಸರಿಹೋಯಿತು. ಅವಳು ಸೀನಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಜೈನಾಬಿ ನಿಂತಿದ್ದಳು, ತಲೆಗೆ ಬಿಗಿದ ಬಟ್ಟೆ, ಹುಬ್ಬಿನವರೆಗೂ ಕೆಂಪು.

‘ಹೇಮವ್ವ, ಖಾರ ಮುಗೀತು. ಜ್ವಾಳದ ಗಿರಾಕಿ ನಿಂತಾರ. ನಿಂದು ಮೋಟಾರ ಬಿಡೂದೈತೋ, ಅವರದ ಹಾಕಲೋ? ಬರಬ್ಯಾಡ ಅಂದಿ ಖರೆ, ಎಷ್ಟೊತ್ತಂತ ಗ್ವಾಡಿಗೆ ಕಿವಿ ಹಚ್ಚಿ ಕುಂದರ್ಲಿ?’

ಚೌಕಗಳೊಳಗಿನ ಮುಖಗಳು ಮುಂದಕ್ಕೆ ಬಾಗಿದವು. ‘ಇವರು ಯಾರ್ರಿ?’ ಎಂದಳು ಮಾರ್ತಾ.

‘ಸೀನಿಯರ್ ಆಪರೇಟರ್’ ಎಂದಿತು ಹೇಮಾಳ ಬಾಯಿ, ಅವಳನ್ನು ಕೇಳದೆ.

ಜೈನಾಬಿಗೆ ಅಷ್ಟು ಇಂಗ್ಲಿಷು ಗೊತ್ತು. ‘ಆಪರೇಟರಾ? ಯಾರು, ನಾನಾ?’ ಅವಳು ಒಳಗೆ ಬಂದು ಗೋಡೆಯ ಕಡೆ ನೋಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಪ್ರಯೋಗಾಲಯ. ಇದು ಯಾವಾಗ ಸುರು ಆತು? ಬಾಜೂಕ ಇದ್ದೀನಿ, ನನಗ ಸುದ್ದಿಲ್ಲ. ಈ ರೌಂಡಿನಾಗ ಯಾರ ಫೋಟೋ ಬರ್ತಾವ? ನಂದು ಒಂದು ಹಾಕ್ತಿದ್ದಿಲ್ಲೇನು?’ ಹೇಳುತ್ತ ಬಟ್ಟೆ ಎಂಥದೆಂದು ನೋಡಲು ಅಂಚು ಹಿಡಿದು ಜಗ್ಗಿದಳು. ಹೇಮಾ ಕಟ್ಟಿದ ಗಂಟು ಮೊದಲೇ ಸರಿಯಾಗಿ ಬಿದ್ದಿರಲಿಲ್ಲ. ಪ್ರಯೋಗಾಲಯ ಒಂದೇ ಸಲಕ್ಕೆ ನೆಲಕ್ಕೆ ಕುಸಿಯಿತು. ಹಿಂದೆ ಕಿಟಕಿ, ಕಿಟಕಿಯ ಆಚೆ ಗಿರಣಿ, ಗಿರಣಿಯ ಬಾಯಿಗೆ ಕಟ್ಟಿದ ಕೆಂಪು ಬಟ್ಟೆ, ಮೊರ ಹಿಡಿದು ಇಣುಕುತ್ತಿದ್ದ ಜೋಳದ ಗಿರಾಕಿಗಳು. ಲಿಸ್ಬನ್, ನೈರೋಬಿ, ಕೊಲಂಬೊ ಎಲ್ಲವೂ ಅವರನ್ನು ನೋಡಿದವು. ಅವರೂ ನೋಡಿದರು.

ಅಪ್ಪನಾಗಿದ್ದರೆ ಈಗ ನಗುತ್ತಿದ್ದ. ಹೇಮಾ ಪ್ರಯತ್ನಪಟ್ಟಳು, ಮುಖದ ಒಂದು ಬದಿ ಮಾತ್ರ ಒಪ್ಪಿತು. ತಿಮ್ಮಣ್ಣನ ರುಮಾಲಿನ ಧೂಳು ಯಾಕೋ ಕಣ್ಣ ಮುಂದೆ ಬಂತು. ಇವರನ್ನೂ ಹುಬ್ಬಳ್ಳಿಗೆ ಕಳಿಸಲೇ? ಇಂಟರ್ನೆಟ್ಟು ಹೋಯಿತೆಂದು ಫೋನು ಮಗುಚಿದರೆ ಮುಗಿಯಿತು. ಮೊದಲ ಸಭೆಯಲ್ಲಿ ಇಂಗ್ಲಿಷು ಬಾರದೆ ಹಾಗೇ ಮಾಡಿದ್ದಳು. ಕೈ ಫೋನಿನವರೆಗೆ ಹೋಯಿತು, ಅದನ್ನು ನೆಟ್ಟಗೆ ಮಾಡಿ ಕಿಟಕಿಯ ಕಡೆಗೆ ತಿರುಗಿಸಿಟ್ಟಿತು.

‘ಲ್ಯಾಬ್ ಇಲ್ಲ’ ಎಂದಳು ತನ್ನ ಇಂಗ್ಲಿಷಿನಲ್ಲಿ. ‘ಇದು ಗಿರಣಿ. ಮೆಣಸಿನಕಾಯಿ ಕುಟ್ಟುವುದು. ಮೋಟಾರು ಶುರುವಾದರೆ ನನ್ನ ಕಂಪ್ಯೂಟರು ಸಾಯುತ್ತದೆ. ಇವರು ಜೈನಾಬಿ, ಗಿರಣಿ ಇವರದು. ನಾನು ಇವರಿಗೂ ಏನೂ ಹೇಳಿಲ್ಲ.’

ಮಾರ್ತಾ ಪರದೆಗೆ ಇನ್ನೂ ಹತ್ತಿರ ಬಂದಳು. ‘ಹಂಗಾರ ನೀವು ಕಳಿಸಿದ ಪರೀಕ್ಷಾ ಎಲ್ಲಾ ಸುಳ್ಳೇನ್ರಿ?’

‘ಪರೀಕ್ಷಾ ಖರೆ. ಹೆಸರಷ್ಟ ಸುಳ್ಳು.’ ಇದನ್ನು ಅವಳು ಕನ್ನಡದಲ್ಲೇ ಅಂದುಬಿಟ್ಟಿದ್ದಳು, ತಿರುಗಿ ಇಂಗ್ಲಿಷಿನಲ್ಲಿ ಅಂದಳು.

‘ಹಂಗಾರ ಮಾಡಿ ತೋರಸ್ರಿ. ಮೊದಲು ಹಳೇದು. ಆಮ್ಯಾಲ ನಿಮ್ಮದು.’

ಹೇಮಾ ಜೈನಾಬಿಯನ್ನು ಗಿರಣಿಗೆ ಕಳಿಸಿ, ಕಂಪ್ಯೂಟರೂ ಕಾಣುವಂತೆ ಫೋನನ್ನು ಸರಿಸಿ, ಹಳೆಯ ಆವೃತ್ತಿಯಲ್ಲಿ ಒಂದು ಮದುವೆ ಪತ್ರಿಕೆ ತೆರೆದು, ಉಳಿಸುವ ಗುಂಡಿಯ ಮೇಲೆ ಬೆರಳಿಟ್ಟು, ‘ಬಿಡು ಅಕ್ಕಾ’ ಎಂದಳು. ಕಿಟಕಿಯಾಚೆ ಮೋಟಾರು ಗೊರಕೆ ಹೊಡೆದು ಎದ್ದಿತು, ಕಂಪ್ಯೂಟರು ಸತ್ತಿತು. ಮತ್ತೆ ಎಬ್ಬಿಸಿದಾಗ ವರ, ವಧು, ಹಿರಿಯರು, ಬಳ್ಳಿ ಯಾವುದೂ ಇಲ್ಲದ ಬಿಳಿ ಹಾಳೆ. ಯಾರೋ ದೂರದೂರಿನಲ್ಲಿ ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ತನ್ನ ಆವೃತ್ತಿ. ಇದು ಸೋತರೆ ಹೇಳಿಕೊಳ್ಳಲು ಅವಳ ಬಳಿ ಈಗ ಒಂದು ಸುಳ್ಳೂ ಉಳಿದಿರಲಿಲ್ಲ. ‘ಬಿಡು.’ ಮೋಟಾರು. ಕತ್ತಲು. ಗಾಳಿಯಲ್ಲಿ ಉಳಿದಿದ್ದ ಖಾರಕ್ಕೆ ಎರಡನೆಯ ಸೀನು ಬಂತು. ಕಂಪ್ಯೂಟರು ನಿಧಾನವಾಗಿ, ಅವಮಾನಿಸುವಷ್ಟು ನಿಧಾನವಾಗಿ ಎದ್ದಿತು. ಪತ್ರಿಕೆ ಅಲ್ಲೇ ಇತ್ತು, ಬಳ್ಳಿಯ ಕೊನೆಯ ಎಲೆಯವರೆಗೂ.

‘ಇನ್ನೊಮ್ಮೆ’ ಎಂದಳು ಮಾರ್ತಾ. ಇನ್ನೊಮ್ಮೆಯೂ ಇತ್ತು. ಮತ್ತೊಮ್ಮೆಯೂ. ಜೋಳದ ಗಿರಾಕಿಗಳು ತಮ್ಮ ಪಾಳಿ ಮರೆತು ಕಿಟಕಿಗೆ ಜೋತುಬಿದ್ದಿದ್ದರು. ಆಗ ಮಾರ್ತಾ ನಕ್ಕಳು, ಮೂಗುತಿ ಹೊಳೆಯಿತು. ‘ಲ್ಯಾಬ್ ಅಂತ ಬರದಿದ್ದು ತಪ್ಪು. ಅದನ್ನ ನೀವ ಅಳಿಸಿ, ಗಿರಣಿ ಅಂತ ಬರೀರಿ, ಎಲ್ಲಾರೂ ಓದೂ ಜಾಗಾದಾಗ. ಅದು ಬರದ ಮ್ಯಾಲೆ ಒಳಗ ತಗೋತೀನಿ. ಪರೀಕ್ಷಾ ಮಾಡಿದವರು ಅಂತ ಒಂದು ಸಾಲು ಇರತೈತಲ್ಲ, ಅಲ್ಲಿ ಆ ಅಮ್ಮನ ಹೆಸರೂ ಹಾಕ್ರಿ.’

ಚಪ್ಪಾಳೆ ಕೇಳಿ ಜೈನಾಬಿ ಒಳಗೆ ಬಂದಳು. ‘ಏನಂತಾರ?’

‘ನಿನ್ನ ಹೆಸರು ಹಾಕಂತಾರ. ಈ ತಂತ್ರಾಂಶ ಎಲ್ಲೆಲ್ಲಿ ಹೋಗ್ತೈತೋ ಅಲ್ಲೆಲ್ಲಾ ನಿನ್ನ ಹೆಸರು ಹೋಗ್ತೈತಿ.’

‘ಇದು ಖರೇನೋ, ನಿಂದೋ?’

‘ಇದು ಖರೆ, ಅಕ್ಕಾ.’

ಜೈನಾಬಿ ನೆಲದ ಮೇಲಿನ ಫ್ಲೆಕ್ಸ್ ಎತ್ತಿ ಮಡಚಿದಳು, ಗಿರಣಿಯ ಮಾಡಿಗೆ ಹೊದಿಸಲು ಬರುತ್ತದೆಂದಳು. ಬಾಗಿಲಲ್ಲಿ ತಿರುಗಿ ನಿಂತಳು. ‘ಮತ್ತ ನೀ ಸೀನಿದ್ರ ಆ ದೇಶದಾಗ ಕರೆಂಟ್ ಹೋಗ್ತೈತಿ ಅಂತಿದ್ದಿ. ಓಣಿ ತುಂಬ ಹೇಳೀನಿ ನಾ.’

ಹೇಮಾಳ ಮೂಗಿನ ತುದಿಯಲ್ಲಿ ಮೂರನೆಯದು ಆಗಿನಿಂದ ಕಾಯುತ್ತಿತ್ತು. ಹಿಡಿಯಲಿಲ್ಲ, ಬಿಟ್ಟಳು. ಪುಸ್ತಕದ ಗುಡ್ಡೆ ಅಲುಗಿತು. ಲಿಸ್ಬನ್ನಿನ ಚೌಕದಲ್ಲಿ ಮಾರ್ತಾಳ ತಲೆಯ ಮೇಲಿನ ದೀಪ ಕದಲದೆ ಉರಿಯುತ್ತಿತ್ತು. ಹೇಮಾ ಅದನ್ನು ನೋಡಿ ಮೊದಲು ತಾನೇ ನಕ್ಕಳು, ಅಪ್ಪನಂತೆಯೇ, ಆಮೇಲೆ ಜೈನಾಬಿಯ ಕಡೆ ತಿರುಗಿದಳು.

‘ಇಲ್ಲ ಅಕ್ಕಾ, ಎಲ್ಲೂ ಏನೂ ಹೋಗೂದಿಲ್ಲ. ಅವರು ನನ್ನ ಕೇಳ್ಕೊಂಡಿಲ್ಲ, ನಾನ ಅರ್ಜಿ ಹಾಕಿದ್ದೆ. ಉಪಾಯನೂ ನಂದಲ್ಲ, ಬ್ಯಾರೆ ತಂತ್ರಾಂಶದಾಗ ಎಂದೋ ಇತ್ತು, ಇದರಾಗ ಇರಲಿಲ್ಲ, ಹಾಕೀನಿ. ಹೊಸಾ ಮೊಸರು ಹೆಪ್ಪಾಗೂತನಾ ಹಳೇ ಗಡಗಿ ತೊಳೀಬ್ಯಾಡ ಅಂತ ಕಂಪ್ಯೂಟರಿಗೆ ಹೇಳೀನಿ. ಇನ್ನ ತಿಮ್ಮಣ್ಣ ಹುಬ್ಬಳ್ಳಿಗೆ ಹೋಗೂದು ಬ್ಯಾಡ. ನಾ ಮಾಡಿದ್ದು ಇಷ್ಟ.’